ಸಿಂಬಿಯನ್‌ನಿಂದ ವಿಂಡೋಸ್‌ಗೆ: ನೋಕಿಯಾ ಮಾಡಿದ ಆಯ್ಕೆಗಳ ಇತಿಹಾಸ

ಸ್ಮಾರ್ಟ್‌ಫೋನ್ ಕೊಳ್ಳಲು ಅಂಗಡಿಗೆ ಹೋದರೆ ಇಂದು ಹತ್ತಾರು ಕಂಪನಿಗಳ ಫೋನುಗಳು ಸಾಲಾಗಿ ಕಾಣುತ್ತವೆ. ಆದರೆ ಅವುಗಳ ಒಳಗೆ ಕೆಲಸ ಮಾಡುವ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಎರಡೇ ಬಗೆಯದು. ಆಪಲ್‌ನ ಫೋನಾದರೆ ಐಓಎಸ್. ಉಳಿದವುಗಳಲ್ಲಿ ಬಹುಮಟ್ಟಿಗೆ ಆಂಡ್ರಾಯ್ಡ್. 2010ರ ಸುಮಾರಿಗೆ ಪರಿಸ್ಥಿತಿ ಹೀಗಿರಲಿಲ್ಲ. ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್, ವೆಬ್‌ಓಎಸ್, ಮೀಗೋ, ಬಾಡಾ ಎಂದು ಏಳೆಂಟು ವ್ಯವಸ್ಥೆಗಳು ಕಣದಲ್ಲಿದ್ದವು. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಫೋನ್ ತಯಾರಕರಿಗೆ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಆಗ ಜಗತ್ತಿನ ಅತಿ ದೊಡ್ಡ ಮೊಬೈಲ್ ತಯಾರಕನಾಗಿದ್ದ ಫಿನ್ಲೆಂಡಿನ ನೋಕಿಯಾ, 2011ರಲ್ಲಿ ಆಯ್ಕೆ ಪ್ರಕಟಿಸಿದ ಮೂರೇ ವರ್ಷಗಳಲ್ಲಿ ತನ್ನ ಫೋನ್ ವ್ಯವಹಾರವನ್ನು ಮಾರಿ ಹೊರಬಂದಿತು.

ನೋಕಿಯಾ ತಪ್ಪು ವ್ಯವಸ್ಥೆಯನ್ನು ಆರಿಸಿತು, ಆದ್ದರಿಂದ ಸೋತಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ಕಥೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಘಟನೆಗಳನ್ನು ಇಸವಿಗಳ ಕ್ರಮದಲ್ಲಿ ಇಟ್ಟು ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ನೋಕಿಯಾ ಒಮ್ಮೆಯಲ್ಲ, ಹಲವು ಸಲ ಆಯ್ಕೆ ಮಾಡಿತು. ಪ್ರತಿ ಸಲವೂ ಅದುವರೆಗೆ ತನಗಾಗಿ ತಂತ್ರಾಂಶ ಬರೆದವರ ಶ್ರಮವನ್ನು ಭಾಗಶಃ ಅಥವಾ ಪೂರ್ತಿಯಾಗಿ ಕೈಬಿಟ್ಟಿತು. ಈ ಲೇಖನದಲ್ಲಿ ಹೇಳಹೊರಟಿರುವುದು ಆ ಸರಣಿಯ ಕಥೆ.

ಎರಡು ಪೆನ್ಸಿಲ್ ಸೆಲ್‌ಗಳ ಮೇಲೆ

ಸಿಂಬಿಯನ್‌ನ ಮೂಲ ಇರುವುದು ಲಂಡನ್ನಿನಲ್ಲಿ. ಅದಕ್ಕೆ ಕಾರಣರಾದವರು ಒಬ್ಬ ಭೌತವಿಜ್ಞಾನಿ ಎಂಬುದು ನಮ್ಮಂಥವರಿಗೆ ಸ್ವಲ್ಪ ಸಂತೋಷದ ವಿಷಯ. ಡೇವಿಡ್ ಪಾಟರ್ ಎಂಬುವರು ಇಂಪೀರಿಯಲ್ ಕಾಲೇಜಿನಲ್ಲಿ ಗಣಿತೀಯ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾಗಿದ್ದರು. ಗಣಕ ಬಳಸಿ ಭೌತವಿಜ್ಞಾನದ ಸಮಸ್ಯೆಗಳನ್ನು ಬಿಡಿಸುವ ಬಗ್ಗೆ 1973ರಲ್ಲಿ ಒಂದು ಪಠ್ಯಪುಸ್ತಕವನ್ನೂ ಬರೆದಿದ್ದರು. 1980ರಲ್ಲಿ ಅವರು ಸೈಯಾನ್ ಎಂಬ ಕಂಪನಿ ಆರಂಭಿಸಿದರು. ಈ ಕಂಪನಿ ಅಂಗೈ ಗಾತ್ರದ ಗಣಕಗಳಿಗೆ ಹೆಸರಾಯಿತು. 1997ರಲ್ಲಿ ಅದು ಹೊರತಂದ ‘ಸೀರೀಸ್ 5’ ಯಂತ್ರದ ಸಂಸ್ಕಾರಕದ ವೇಗ ಸುಮಾರು 18 ಮೆಗಾಹರ್ಟ್ಸ್, ಸ್ಮೃತಿ 4 ಅಥವಾ 8 ಮೆಗಾಬೈಟ್. ವಿದ್ಯುತ್ತಿಗೆ ಎರಡು ಪೆನ್ಸಿಲ್ ಸೆಲ್. ಅದರೊಳಗಿನ ವ್ಯವಸ್ಥೆಯ ಹೆಸರು ಈಪಾಕ್.

ಇಷ್ಟು ಕಡಿಮೆ ಸಾಧನಗಳಲ್ಲಿ ಯಂತ್ರ ತಿಂಗಳುಗಟ್ಟಲೆ ಸ್ಥಗಿತಗೊಳ್ಳದೆ ನಡೆಯಬೇಕು. ಅದಕ್ಕಾಗಿ ಈಪಾಕ್‌ನ ನಿರ್ಮಾಪಕರು ಪ್ರತಿಯೊಂದು ಬೈಟನ್ನೂ ಜಿಪುಣರಂತೆ ಎಣಿಸಿದರು. ಅಕ್ಷರಮಾಲೆಗಳನ್ನು ಸ್ಮೃತಿಯಲ್ಲಿಡಲು ‘ಡಿಸ್ಕ್ರಿಪ್ಟರ್’ ಎಂಬ ತಮ್ಮದೇ ಪದ್ಧತಿ ಮಾಡಿಕೊಂಡರು. ಮಾಲೆಯ ಉದ್ದ ಅದರೊಂದಿಗೇ ದಾಖಲಾಗಿರುತ್ತಿದ್ದುದರಿಂದ ಗಡಿ ಮೀರಿ ಬರೆಯುವ ಅಪಾಯ ಕಡಿಮೆ. ಪ್ರೋಗ್ರಾಂ ನಡುವೆ ಸ್ಮೃತಿ ಸಾಲದೆ ಹೋದರೆ, ಅದುವರೆಗೆ ತೆಗೆದುಕೊಂಡ ಜಾಗವನ್ನೆಲ್ಲ ತಪ್ಪದೆ ಹಿಂತಿರುಗಿಸಲು ‘ಕ್ಲೀನಪ್ ಸ್ಟ್ಯಾಕ್’ ಎಂಬ ಏರ್ಪಾಡು ಇತ್ತು. ಇವೆಲ್ಲ ಜಾಣತನದ ಉಪಾಯಗಳೇ. ಆದರೆ ಇವುಗಳ ಹೊರೆ ಬೀಳುತ್ತಿದ್ದುದು ಪ್ರೋಗ್ರಾಂ ಬರೆಯುವವನ ಹೆಗಲ ಮೇಲೆ. ಸಿ++ ಚೆನ್ನಾಗಿ ಬಲ್ಲವನೂ ಇಲ್ಲಿ ಹೊಸದಾಗಿ ಕಲಿಯಬೇಕಾಗುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು 2005ರ ಸುಮಾರಿಗೆ ಬೆಂಗಳೂರಿನಲ್ಲಿ ಸಿಂಬಿಯನ್ ಕೆಲಸದಲ್ಲಿದ್ದರು. ಪರದೆಯ ಮೇಲೆ ಒಂದು ಸಾಲು ನಮಸ್ಕಾರ ಮೂಡಿಸಲು ಐದಾರು ಕಡತಗಳನ್ನು ಬರೆಯಬೇಕು ಎಂದು ಅವರು ತಮಾಷೆ ಮಾಡುತ್ತಿದ್ದುದು ನೆನಪಿದೆ.

1998ರಲ್ಲಿ ಸೈಯಾನ್, ನೋಕಿಯಾ, ಎರಿಕ್ಸನ್ ಮತ್ತು ಮೊಟರೋಲಾ ಸೇರಿ ಸಿಂಬಿಯನ್ ಕಂಪನಿಯನ್ನು ಸ್ಥಾಪಿಸಿದವು. ಈಪಾಕ್ ಅದರ ಸ್ವತ್ತಾಯಿತು. ಪರಸ್ಪರ ಸ್ಪರ್ಧಿಗಳಾದ ಈ ಕಂಪನಿಗಳು ಕೈಜೋಡಿಸಿದ್ದಕ್ಕೆ ಮುಖ್ಯ ಕಾರಣ ಮೈಕ್ರೋಸಾಫ್ಟ್‌ನ ಭಯ. ಮೇಜಿನ ಮೇಲಿನ ಗಣಕಗಳ ವಿಷಯದಲ್ಲಿ ಯಂತ್ರ ಮಾಡುವವರು ಬಡವಾಗಿ, ತಂತ್ರಾಂಶ ಕೊಡುವವನು ಶ್ರೀಮಂತನಾದುದನ್ನು ಅವು ಕಂಡಿದ್ದವು. ಫೋನಿನಲ್ಲಿ ಹಾಗಾಗಬಾರದು ಎಂಬುದು ಅವುಗಳ ಲೆಕ್ಕ. ಹದಿಮೂರು ವರ್ಷಗಳ ನಂತರ ಇದೇ ನೋಕಿಯಾ ಅದೇ ಮೈಕ್ರೋಸಾಫ್ಟ್‌ನ ಬಾಗಿಲಿಗೆ ಹೋಯಿತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಸಿಂಬಿಯನ್ ಒಂದೇ ಆಗಿದ್ದರೂ ಅದರ ಮುಖಗಳು ಹಲವು. ನೋಕಿಯಾದ್ದು ಸೀರೀಸ್ 60, ಸೋನಿ ಎರಿಕ್ಸನ್‌ನದು ಯುಐಕ್ಯೂ, ಜಪಾನಿನವರದು ಇನ್ನೊಂದು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಆದರೂ 2007ರ ಹೊತ್ತಿಗೆ ಜಗತ್ತಿನಲ್ಲಿ ಮಾರಾಟವಾದ ಸ್ಮಾರ್ಟ್‌ಫೋನುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಸಿಂಬಿಯನ್‌ನವು. ಅವುಗಳಲ್ಲಿ ಬಹುಪಾಲು ನೋಕಿಯಾದವು.

ಮೊದಲ ಕಡಿತ ಈ ಏರುಗಾಲದಲ್ಲೇ ನಡೆಯಿತು. 2005ರಲ್ಲಿ ಬಂದ ಸಿಂಬಿಯನ್‌ನ 9ನೇ ಆವೃತ್ತಿಯಲ್ಲಿ ಹೊಸ ಭದ್ರತಾ ಪದ್ಧತಿ ಸೇರಿತು. ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕ್ರಮವೂ ಬದಲಾಯಿತು. ಹಳೆಯ ಆವೃತ್ತಿಗೆ ಸಿದ್ಧಪಡಿಸಿದ ಪ್ರೋಗ್ರಾಂ ಯಾವುದೂ ಹೊಸದರಲ್ಲಿ ನಡೆಯಲಿಲ್ಲ. ಮತ್ತೆ ಕಂಪೈಲ್ ಮಾಡಬೇಕು, ಫೋನಿನ ಮುಖ್ಯ ಸೌಲಭ್ಯಗಳನ್ನು ಮುಟ್ಟುವ ಪ್ರೋಗ್ರಾಂ ಆದರೆ ಹಣ ಕೊಟ್ಟು ಪರೀಕ್ಷೆ ಮಾಡಿಸಿ ಅಂಕಿತ ಪಡೆಯಬೇಕು. ತಾಂತ್ರಿಕವಾಗಿ ಈ ಬದಲಾವಣೆ ಸರಿಯಾದುದೇ. ಮೊಬೈಲ್ ವೈರಸ್‌ಗಳ ಕಾಟ ಆಗಲೇ ಶುರುವಾಗಿತ್ತು. ಸಮರ್ಥ ಎದುರಾಳಿ ಇಲ್ಲದಿದ್ದುದರಿಂದ ಆ ಹೊಡೆತ ಹೆಚ್ಚು ಗೊತ್ತಾಗಲಿಲ್ಲ.

ಬೆರಳು ಮತ್ತು ಧಾರಕತೆ

2007ರ ಜನವರಿ 9ರಂದು ಆಪಲ್ ಐಫೋನನ್ನು ಪ್ರದರ್ಶಿಸಿತು. ಅದೇ ವರ್ಷ ಬಂದ ನೋಕಿಯಾದ ಎನ್95 ಅದಕ್ಕಿಂತ ಹೆಚ್ಚು ಕೆಲಸಗಳನ್ನು ಮಾಡುತ್ತಿತ್ತು: 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, ಮೂರನೇ ಪೀಳಿಗೆಯ ದತ್ತಾಂಶ ಸಂಪರ್ಕ. ಇವುಗಳಲ್ಲಿ ಕೊನೆಯ ಎರಡು ಮೊದಲ ಐಫೋನಿನಲ್ಲಿ ಇರಲಿಲ್ಲ, ಕ್ಯಾಮೆರಾ 2 ಮೆಗಾಪಿಕ್ಸೆಲ್‌ನದು. ಹೊರಗಿನವರು ಬರೆದ ಪ್ರೋಗ್ರಾಮುಗಳಿಗೂ ಅದರಲ್ಲಿ ಮೊದಲ ವರ್ಷ ಅವಕಾಶವಿರಲಿಲ್ಲ. ಆದರೆ ಎರಡು ವ್ಯತ್ಯಾಸಗಳು ನಿರ್ಣಾಯಕವಾದವು.

ಮೊದಲನೆಯದು ಪರದೆ. ಅಲ್ಲಿಯವರೆಗಿನ ಸ್ಪರ್ಶ ಪರದೆಗಳು ಬಹುಮಟ್ಟಿಗೆ ರೋಧ ಬಗೆಯವು. ತೆಳುವಾದ ಎರಡು ವಾಹಕ ಪದರಗಳ ನಡುವೆ ಕೂದಲೆಳೆಯಷ್ಟು ಅಂತರ. ಒತ್ತಿದ ಜಾಗದಲ್ಲಿ ಪದರಗಳು ತಾಗಿ, ಆ ಬಿಂದುವಿನ ವಿಭವಾಂತರದಿಂದ ಸ್ಥಾನ ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಪೊಟೆನ್ಷಿಯೋಮೀಟರ್ ತಂತಿಯ ಮೇಲೆ ಜಾಕಿ ಸರಿಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಒತ್ತಲು ಉಗುರು ಅಥವಾ ಕಡ್ಡಿ ಬೇಕು. ಸಾಧಾರಣ ರಚನೆಯ ಪರದೆ ಎರಡು ಕಡೆ ಒತ್ತಿದರೆ ಗೊಂದಲಕ್ಕೆ ಬೀಳುತ್ತದೆ. ಐಫೋನಿನ ಪರದೆ ಧಾರಕತೆಯನ್ನು ಅಳೆಯುವಂಥದು. ನಮ್ಮ ಬೆರಳು ವಾಹಕವಾದ್ದರಿಂದ ಅದು ಗಾಜಿನ ಬಳಿ ಬಂದೊಡನೆ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಒತ್ತುವ ಅಗತ್ಯವಿಲ್ಲ, ಹಲವು ಬೆರಳುಗಳನ್ನು ಏಕಕಾಲದಲ್ಲಿ ಗುರುತಿಸಬಹುದು. ಗುಂಡಿ ಮತ್ತು ಕಡ್ಡಿಗಾಗಿ ರೂಪಿಸಿದ ಸಿಂಬಿಯನ್‌ನ ಪಟ್ಟಿಗಳು, ಚಿಕ್ಕ ಚಿಕ್ಕ ಆಯ್ಕೆಗಳು ಬೆರಳಿಗೆ ಒಗ್ಗಲಿಲ್ಲ. ನೋಕಿಯಾದ ಮೊದಲ ಧಾರಕ ಪರದೆಯ ಫೋನು, ಎಕ್ಸ್6, ಬಂದದ್ದು 2009ರಲ್ಲಿ.

ಎರಡನೆಯದು ಸ್ಮೃತಿ. ಎನ್95ರಲ್ಲಿ ಇದ್ದದ್ದು 64 ಮೆಗಾಬೈಟ್, ಐಫೋನಿನಲ್ಲಿ 128. ಆಪಲ್ ತನ್ನ ಮೇಜಿನ ಗಣಕದ ವ್ಯವಸ್ಥೆಯನ್ನೇ ಕತ್ತರಿಸಿ ಫೋನಿಗೆ ಕೂರಿಸಿತ್ತು. 1997ರಲ್ಲಿ ಇದು ಅಸಾಧ್ಯ. ಹತ್ತು ವರ್ಷಗಳಲ್ಲಿ ಸ್ಮೃತಿ ಅಗ್ಗವಾಗಿ, ಅದು ಸಾಧ್ಯವಾಯಿತು. ಕೊರತೆಯ ಕಾಲಕ್ಕೆ ಕಟ್ಟಿದ ಸಿಂಬಿಯನ್‌ನ ಜಿಪುಣತನ ಇದ್ದಕ್ಕಿದ್ದಂತೆ ಗುಣವಾಗಿ ಉಳಿಯಲಿಲ್ಲ. ಅದರ ಕಷ್ಟ ಮಾತ್ರ ಪ್ರೋಗ್ರಾಂ ಬರೆಯುವವನಿಗೆ ಉಳಿಯಿತು.

ಗೂಗಲ್ 2005ರಲ್ಲಿ ಕೊಂಡಿದ್ದ ಆಂಡ್ರಾಯ್ಡ್ ಈ ಬದಲಾವಣೆಯನ್ನು ಇನ್ನೂ ಮುಂದಕ್ಕೊಯ್ದಿತು. ಕೆಳಗೆ ಲಿನಕ್ಸ್ ತಿರುಳು, ಮೇಲೆ ಡಾಲ್ವಿಕ್ ಎಂಬ ಕಾಲ್ಪನಿಕ ಯಂತ್ರ. ಸಾವಿರಾರು ಕಾಲೇಜುಗಳಲ್ಲಿ ಕಲಿಸುತ್ತಿದ್ದ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆದರೆ, ಬಳಸಿ ಬಿಟ್ಟ ಸ್ಮೃತಿಯನ್ನು ವ್ಯವಸ್ಥೆಯೇ ಗುಡಿಸಿ ತೆಗೆದುಕೊಳ್ಳುತ್ತಿತ್ತು. ಕಾಲ್ಪನಿಕ ಯಂತ್ರಕ್ಕೆ ಬರೆದುದರಿಂದ ಕೆಳಗಿನ ಸಂಸ್ಕಾರಕ ಬದಲಾದರೂ ಪ್ರೋಗ್ರಾಂ ನಡೆಯುತ್ತಿತ್ತು. ಮೂಲ ತಂತ್ರಾಂಶವನ್ನು ಯಾವ ತಯಾರಕ ಬೇಕಾದರೂ ಉಚಿತವಾಗಿ ಬಳಸಬಹುದು. ಆದರೆ ಗೂಗಲ್‌ನ ಸ್ವಂತ ಅನ್ವಯಗಳು ಬೇಕಾದರೆ ಒಪ್ಪಂದಕ್ಕೆ ಸಹಿ ಹಾಕಬೇಕು. ಉಚಿತ ಎಂಬ ಮಾತಿಗೆ ಈ ಅಡಿಟಿಪ್ಪಣಿ ಸೇರಿಸದಿದ್ದರೆ ಚಿತ್ರ ಪೂರ್ಣವಾಗದು. ಮೊದಲ ಆಂಡ್ರಾಯ್ಡ್ ಫೋನು 2008ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಆಪಲ್‌ನ ಆಪ್ ಮಳಿಗೆ ಅದೇ ವರ್ಷದ ಜುಲೈನಲ್ಲಿ ಸುಮಾರು 500 ಆಪ್‌ಗಳೊಂದಿಗೆ ತೆರೆದಿತ್ತು.

ಮಡಕೆಯೊಳಗಿನ ಮಣಿಗಳು

ಇಲ್ಲಿ ಒಂದು ಸರಳ ಪ್ರಯೋಗವನ್ನು ವಿವರಿಸಬೇಕು. ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲೇ ಮಾಡಬಹುದು. ಒಂದು ಮಡಕೆಯಲ್ಲಿ ಒಂದೇ ಗಾತ್ರದ ಒಂದು ಕೆಂಪು, ಒಂದು ಬಿಳಿ ಮಣಿ ಹಾಕಿ. ನೋಡದೆ ಒಂದನ್ನು ಹೊರತೆಗೆಯಿರಿ. ಬಂದ ಮಣಿಯನ್ನು ಹಿಂದಕ್ಕೆ ಹಾಕಿ, ಅದೇ ಬಣ್ಣದ ಇನ್ನೊಂದನ್ನೂ ಸೇರಿಸಿ. ಹೀಗೆ ನೂರು ಸಲ ಮಾಡಿ. ಮೊದಲ ಹತ್ತಿಪ್ಪತ್ತು ಸಲ ಬಣ್ಣಗಳ ಪ್ರಮಾಣ ಜೋರಾಗಿ ಹೊಯ್ದಾಡುತ್ತದೆ. ಬರಬರುತ್ತ ಒಂದು ಬೆಲೆಯ ಬಳಿ ನಿಂತುಬಿಡುತ್ತದೆ. ಆದರೆ ಆ ಬೆಲೆ ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ. ಒಂದು ಬೆಂಚಿನವರಿಗೆ ಕೆಂಪು ಶೇ. 80 ಬಂದರೆ ಪಕ್ಕದ ಬೆಂಚಿನವರಿಗೆ ಶೇ. 25 ಬರಬಹುದು. ಇದನ್ನು ಗಣಿತಜ್ಞ ಜಾರ್ಜ್ ಪೋಲ್ಯಾ ಅವರ ಹೆಸರಿನಿಂದ ಪೋಲ್ಯಾ ಮಡಕೆ ಎನ್ನುತ್ತಾರೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚಿರುವ ಬಣ್ಣಕ್ಕೆ ಅದರ ಪ್ರಮಾಣಕ್ಕಿಂತಲೂ ಹೆಚ್ಚಿನ ಅನುಕೂಲ ಕೊಟ್ಟರೆ, ಕೊನೆಗೆ ಒಂದೇ ಬಣ್ಣ ಮಡಕೆಯನ್ನೆಲ್ಲ ಆವರಿಸುತ್ತದೆ. ಅರ್ಥಶಾಸ್ತ್ರಜ್ಞ ಬ್ರಯಾನ್ ಆರ್ಥರ್ ಈ ಬಗೆಯ ಗಣಿತವನ್ನು ಸ್ಪರ್ಧಿಸುವ ತಂತ್ರಜ್ಞಾನಗಳಿಗೆ ಅನ್ವಯಿಸಿದರು. 1989ರ ಅವರ ಪ್ರಬಂಧ ಈ ವಿಷಯದಲ್ಲಿ ಪ್ರಸಿದ್ಧವಾದುದು.

ಸ್ಮಾರ್ಟ್‌ಫೋನು ಎರಡನೆಯ ಬಗೆಯ ಮಡಕೆ. ಕೊಳ್ಳುವವನು ಯಾವುದರಲ್ಲಿ ಆಪ್‌ಗಳು ಹೆಚ್ಚಿವೆ ಎಂದು ನೋಡುತ್ತಾನೆ. ಆಪ್ ಬರೆಯುವವನು ಯಾವುದರಲ್ಲಿ ಕೊಳ್ಳುವವರು ಹೆಚ್ಚಿದ್ದಾರೆ ಎಂದು ನೋಡುತ್ತಾನೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಭೌತವಿಜ್ಞಾನದಲ್ಲಿ ಇದನ್ನು ಧನಾತ್ಮಕ ಮರುಪೂರಣ ಎನ್ನುತ್ತೇವೆ. ಸಭಾಂಗಣದಲ್ಲಿ ಧ್ವನಿವರ್ಧಕದ ಎದುರು ಮೈಕು ಹಿಡಿದಾಗ ಕೇಳುವ ಕೀರಲು ಇದರದೇ ಫಲ.

ಈ ಮಾದರಿಯಲ್ಲಿ ಒಂದು ಕೊರತೆ ಇದೆ. ಪೋಲ್ಯಾ ಮಡಕೆಯಿಂದ ಮಣಿಗಳನ್ನು ಯಾರೂ ತೆಗೆದು ಎಸೆಯುವುದಿಲ್ಲ. ನಿಜವಾದ ಚರಿತ್ರೆಯಲ್ಲಿ ಮಡಕೆಯ ಒಡೆಯನೇ ಅದನ್ನು ಬಗ್ಗಿಸಿ ಸುರಿಯಬಹುದು. ಯಾವಾಗ ಸುರಿಯುತ್ತಾನೆ ಎಂಬುದೂ ಮುಖ್ಯ. ಆಪಲ್ 2017ರಲ್ಲಿ ಐಓಎಸ್ 11 ತಂದಾಗ 32 ಬಿಟ್‌ನ ಹಳೆಯ ಆಪ್‌ಗಳನ್ನೆಲ್ಲ ಕೈಬಿಟ್ಟಿತು. ಅದಕ್ಕೆ ಏನೂ ಆಗಲಿಲ್ಲ, ಏಕೆಂದರೆ ಮಡಕೆ ತುಂಬಿ ತುಳುಕುತ್ತಿತ್ತು. 2005ರಲ್ಲಿ ಸಿಂಬಿಯನ್‌ಗೂ ಇದೇ ರಕ್ಷಣೆ ಇತ್ತು. 2009ರ ನಂತರ ಇರಲಿಲ್ಲ.

ನೋಕಿಯಾದ ಒಳಗಿನ ಮೂರು ದಾರಿಗಳು

ಸಿಂಬಿಯನ್ ಒಂದರಿಂದಲೇ ಬಹುಕಾಲ ನಡೆಯದು ಎಂದು ನೋಕಿಯಾದ ಎಂಜಿನಿಯರುಗಳಿಗೆ ಗೊತ್ತಿರಲಿಲ್ಲ ಎಂದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತೆ. ಐಫೋನಿಗೆ ಎರಡು ವರ್ಷ ಮೊದಲೇ, 2005ರಲ್ಲಿ, ನೋಕಿಯಾ ‘770’ ಎಂಬ ಲಿನಕ್ಸ್ ಆಧಾರಿತ ಅಂತರಜಾಲ ಫಲಕವನ್ನು ಮಾರಿತ್ತು. ಅದರ ವ್ಯವಸ್ಥೆಯ ಹೆಸರು ಮೇಮೋ. ಆದರೆ ಅದರಲ್ಲಿ ಫೋನಿನ ಸೌಲಭ್ಯ ಇರಲಿಲ್ಲ. ಫೋನು ಸಿಂಬಿಯನ್ ವಿಭಾಗದವರ ಕ್ಷೇತ್ರ! ಮೇಮೋ ಇರುವ ಫೋನು, ಎನ್900, ಹೊರಬರಲು 2009 ಆಯಿತು.

2008ರಲ್ಲಿ ನೋಕಿಯಾ ಎರಡು ಹೆಜ್ಜೆ ಇಟ್ಟಿತು. ಸಿಂಬಿಯನ್ ಕಂಪನಿಯ ಉಳಿದ ಸುಮಾರು ಶೇ. 52ರಷ್ಟು ಷೇರುಗಳನ್ನು 26.4 ಕೋಟಿ ಯೂರೋ ಕೊಟ್ಟು ಕೊಳ್ಳಲು ಮುಂದಾಗಿ, ಸಿಂಬಿಯನ್ನನ್ನು ಮುಕ್ತ ತಂತ್ರಾಂಶವಾಗಿಸುವುದಾಗಿ ಪ್ರಕಟಿಸಿತು. ಜೊತೆಗೆ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯನ್ನು ಕೊಂಡಿತು. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಇಡೀ ಕಥೆಯಲ್ಲಿ ನೋಕಿಯಾ ಮಾಡಿದ ಅತಿ ವಿವೇಕದ ಕೆಲಸ. ಟ್ರೋಲ್‌ಟೆಕ್‌ನ ಕ್ಯೂಟ್ ಎಂಬ ಸಾಧನದಲ್ಲಿ ಒಮ್ಮೆ ಬರೆದ ಪ್ರೋಗ್ರಾಮನ್ನು ಹಲವು ವ್ಯವಸ್ಥೆಗಳಿಗೆ ಹೊಂದಿಸಬಹುದು. ಸಿಂಬಿಯನ್ ಮತ್ತು ಲಿನಕ್ಸ್ ಎರಡರ ಮೇಲೂ ಕ್ಯೂಟ್ ಕೂರಿಸಿದರೆ, ಕೆಳಗಿನ ವ್ಯವಸ್ಥೆಯನ್ನು ನಿಧಾನವಾಗಿ ಬದಲಿಸುತ್ತ ಮೇಲಿನ ಆಪ್‌ಗಳನ್ನು ಉಳಿಸಿಕೊಳ್ಳಬಹುದು. ಅಂದರೆ ಮಡಕೆ ಬದಲಾದರೂ ಮಣಿಗಳು ಹೋಗುವುದಿಲ್ಲ.

ಯೋಜನೆ ಚೆನ್ನಾಗಿತ್ತು, ಕಾಲ ಸಾಲಲಿಲ್ಲ. ಮೇಮೋದ 5ನೇ ಆವೃತ್ತಿಯವರೆಗೆ ಆಪ್‌ಗಳನ್ನು ಬರೆಯುತ್ತಿದ್ದುದು ಜಿಟಿಕೆ ಎಂಬ ಬೇರೆ ಸಾಧನದಲ್ಲಿ. ಮುಂದಿನದು ಕ್ಯೂಟ್ ಎಂದಾಗ ಅವರ ಕೆಲಸ ಹೋಯಿತು. 2010ರ ಫೆಬ್ರವರಿಯಲ್ಲಿ ನೋಕಿಯಾ ತನ್ನ ಮೇಮೋವನ್ನು ಇಂಟೆಲ್‌ನ ಮೊಬ್ಲಿನ್ ಜೊತೆ ಸೇರಿಸಿ ಮೀಗೋ ಎಂಬ ಹೊಸ ವ್ಯವಸ್ಥೆ ಮಾಡುವುದಾಗಿ ಘೋಷಿಸಿತು. ಪ್ರೋಗ್ರಾಮುಗಳನ್ನು ಕಟ್ಟಿ ಹಂಚುವ ಕ್ರಮವೇ ಬದಲಾಯಿತು. ಇತ್ತ ಸಿಂಬಿಯನ್‌ನ ಮುಕ್ತ ಪ್ರತಿಷ್ಠಾನದಲ್ಲಿ ಜೊತೆಗಿದ್ದ ಸೋನಿ ಎರಿಕ್ಸನ್ ಮತ್ತು ಸ್ಯಾಮ್‌ಸಂಗ್ 2010ರ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಹೊರಟುಹೋದವು. 2010ರ ಕೊನೆಯ ಮೂರು ತಿಂಗಳಲ್ಲಿ, ಕೆನಾಲಿಸ್ ಎಂಬ ಸಮೀಕ್ಷಾ ಸಂಸ್ಥೆಯ ಲೆಕ್ಕದಂತೆ, ಸುಮಾರು 3.3 ಕೋಟಿ ಆಂಡ್ರಾಯ್ಡ್ ಫೋನುಗಳು, 3.1 ಕೋಟಿ ಸಿಂಬಿಯನ್ ಫೋನುಗಳು ಹೋದವು. ಸಿಂಬಿಯನ್ ಮೊದಲ ಸಲ ಎರಡನೆಯ ಸ್ಥಾನಕ್ಕಿಳಿಯಿತು.

2011ರ ಫೆಬ್ರವರಿ

ನೋಕಿಯಾದ ಆಡಳಿತ ಮಂಡಳಿ 2010ರ ಸೆಪ್ಟೆಂಬರಿನಲ್ಲಿ ಕೆನಡಾದ ಸ್ಟೀಫನ್ ಇಲೋಪ್ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿತ್ತು. ಅವರು ಬಂದದ್ದು ಮೈಕ್ರೋಸಾಫ್ಟ್‌ನಿಂದ. 2011ರ ಫೆಬ್ರವರಿ ಆರಂಭದಲ್ಲಿ ಅವರು ನೌಕರರಿಗೆ ಬರೆದ ಪತ್ರವೊಂದು ಪತ್ರಿಕೆಗಳಿಗೆ ಸೋರಿಹೋಯಿತು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಅಟ್ಟಣಿಗೆಗೆ ಬೆಂಕಿ ಬಿದ್ದಿದೆ. ಅದರ ಮೇಲಿನ ಮನುಷ್ಯ ಉರಿಯಲ್ಲಿ ಸಾಯಬೇಕು, ಇಲ್ಲವೇ ಹಿಮದಂಥ ನೀರಿಗೆ ಹಾರಬೇಕು. ನಾವು ಅಂಥ ಅಟ್ಟಣಿಗೆಯ ಮೇಲಿದ್ದೇವೆ ಎಂಬುದು ಪತ್ರದ ಸಾರ. ಫೆಬ್ರವರಿ 11ರಂದು ಲಂಡನ್ನಿನಲ್ಲಿ ಅವರು ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಜೊತೆ ವೇದಿಕೆ ಏರಿ, ನೋಕಿಯಾದ ಮುಂದಿನ ಸ್ಮಾರ್ಟ್‌ಫೋನುಗಳಲ್ಲಿ ವಿಂಡೋಸ್ ಫೋನ್ ವ್ಯವಸ್ಥೆ ಇರುವುದೆಂದು ಪ್ರಕಟಿಸಿದರು.

ಆಂಡ್ರಾಯ್ಡ್ ಏಕೆ ಬೇಡವಾಯಿತು? ಗೂಗಲ್ ಜೊತೆಗೂ ಮಾತುಕತೆ ನಡೆದಿತ್ತು. ಆಂಡ್ರಾಯ್ಡ್ ಹಿಡಿದರೆ ತಾನು ಹತ್ತರಲ್ಲಿ ಹನ್ನೊಂದನೆಯವನಾಗುತ್ತೇನೆ, ಬೆಲೆಯ ಮೇಲಷ್ಟೇ ಸ್ಪರ್ಧಿಸಬೇಕಾಗುತ್ತದೆ, ಅವರಲ್ಲೊಬ್ಬ ತಯಾರಕ ಎಲ್ಲರನ್ನೂ ನುಂಗುತ್ತಾನೆ ಎಂಬ ಅಂಜಿಕೆ ನೋಕಿಯಾಕ್ಕಿತ್ತು. ಈ ಅಂಜಿಕೆ ಸುಳ್ಳಾಗಿರಲಿಲ್ಲ. ಸ್ಯಾಮ್‌ಸಂಗ್ ಮುಂದೆ ಮಾಡಿದ್ದು ಅದನ್ನೇ. 2008ರಲ್ಲಿ ನ್ಯಾವ್‌ಟೆಕ್ ನಕ್ಷೆ ಕಂಪನಿಯನ್ನು ಸುಮಾರು 810 ಕೋಟಿ ಡಾಲರಿಗೆ ಕೊಂಡಿದ್ದ ನೋಕಿಯಾಕ್ಕೆ ಗೂಗಲ್‌ನ ಉಚಿತ ನಕ್ಷೆಗಳ ಜೊತೆ ಬದುಕುವುದೂ ಕಷ್ಟ. ಮೈಕ್ರೋಸಾಫ್ಟ್ ಆದರೋ ಪ್ರತಿ ಮೂರು ತಿಂಗಳಿಗೆ 25 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಕಾಗದದ ಮೇಲೆ ಈ ಆಯ್ಕೆ ಮೂರ್ಖತನದ್ದೇನಲ್ಲ.

ಆದರೆ ಆ ದಿನ ನೋಕಿಯಾದ ಬಳಿ ಮಾರಲು ಒಂದೂ ವಿಂಡೋಸ್ ಫೋನು ಇರಲಿಲ್ಲ. ಮೊದಲನೆಯದು, ಲೂಮಿಯಾ 800, ಹೊರಬಂದದ್ದು ಅಕ್ಟೋಬರ್ 26ರಂದು. ನಡುವಿನ ಎಂಟು ತಿಂಗಳು ಅಂಗಡಿಗಳಲ್ಲಿ ಇದ್ದದ್ದೆಲ್ಲ ಸಿಂಬಿಯನ್, ಅದನ್ನು ಬಿಟ್ಟುಬಿಡುತ್ತೇವೆಂದು ಕಂಪನಿಯೇ ಸಾರಿದ ಮೇಲೆ. ಇನ್ನೂ 15 ಕೋಟಿ ಸಿಂಬಿಯನ್ ಫೋನುಗಳನ್ನು ಮಾರುವ ನಿರೀಕ್ಷೆ ಇದೆ ಎಂದೂ ಅದೇ ದಿನ ನೋಕಿಯಾ ಹೇಳಿತ್ತು! ಕ್ಯೂಟ್ ವಿಂಡೋಸ್ ಫೋನಿಗೆ ಬರುವುದಿಲ್ಲ ಎಂದು ಸ್ಪಷ್ಟಪಡಿಸಿದ್ದರಿಂದ, ಮಣಿಗಳನ್ನು ಸಾಗಿಸಲು ಇದ್ದ ಒಂದೇ ಸೇತುವೆಯೂ ಹೋಯಿತು. ಬರಲಿರುವ ಸರಕನ್ನು ಮುಂಚೆಯೇ ಹೊಗಳಿ ಇರುವ ಸರಕಿನ ವ್ಯಾಪಾರ ಕೆಡಿಸಿಕೊಳ್ಳುವುದಕ್ಕೆ ‘ಆಸ್ಬರ್ನ್ ಪರಿಣಾಮ’ ಎಂಬ ಹೆಸರಿದೆ. 1983ರಲ್ಲಿ ಮುಳುಗಿದ ಆಸ್ಬರ್ನ್ ಗಣಕ ಕಂಪನಿಯಿಂದ ಬಂದ ಹೆಸರು. ಆ ಮೂಲ ಕಥೆಯನ್ನೇ ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ. ನೋಕಿಯಾದ ಅಂಕಿಗಳು ಮಾತ್ರ ಅದರ ಲೆಕ್ಕಪತ್ರಗಳಲ್ಲೇ ಇವೆ. ಸ್ಮಾರ್ಟ್‌ಫೋನುಗಳ ಮಾರಾಟ 2010ರ ಕೊನೆಯ ಮೂರು ತಿಂಗಳಲ್ಲಿ 2.83 ಕೋಟಿ. 2011ರ ಮೊದಲ ಮೂರು ತಿಂಗಳಲ್ಲಿ 2.42 ಕೋಟಿ, ಮುಂದಿನ ಮೂರು ತಿಂಗಳಲ್ಲಿ 1.67 ಕೋಟಿ. 2012ರ ಮೊದಲ ಮೂರು ತಿಂಗಳಲ್ಲಿ 1.19 ಕೋಟಿ, ಅದರಲ್ಲಿ ಲೂಮಿಯಾ ಸುಮಾರು 20 ಲಕ್ಷ. ಅದೇ ವರ್ಷದ ಜುಲೈ–ಸೆಪ್ಟೆಂಬರಿನಲ್ಲಿ 63 ಲಕ್ಷ. ಇದೇ ಅವಧಿಯಲ್ಲಿ ಜಗತ್ತಿನ ಒಟ್ಟು ಸ್ಮಾರ್ಟ್‌ಫೋನ್ ಮಾರಾಟ ಏರುತ್ತಲೇ ಇತ್ತು.

ಈ ಇಳಿತಕ್ಕೆಲ್ಲ ಫೆಬ್ರವರಿಯ ಘೋಷಣೆಯೊಂದೇ ಕಾರಣ ಎನ್ನಲಾಗದು. ಆಂಡ್ರಾಯ್ಡ್ ಹೇಗೂ ಏರುತ್ತಿತ್ತು, ಸಿಂಬಿಯನ್ ಹೇಗೂ ಇಳಿಯುತ್ತಿತ್ತು. ಘೋಷಣೆ ಇಲ್ಲದೆ ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ಹೋಲಿಸುವ ಅನುಕೂಲ ಚರಿತ್ರೆಗಿಲ್ಲ. ಆದರೆ ಎರಡು ಅನುಕ್ರಮ ತ್ರೈಮಾಸಿಕಗಳ ನಡುವೆ ಮಾರಾಟ ಮೂರನೇ ಒಂದು ಭಾಗದಷ್ಟು ಕುಸಿಯುವುದು ನಿಧಾನದ ಸವೆತದಂತೆ ಕಾಣುವುದಿಲ್ಲ. ವಕ್ರರೇಖೆಯ ಇಳಿಜಾರು ಅಲ್ಲಿ ಥಟ್ಟನೆ ಬದಲಾಗಿದೆ. ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ವಿದ್ಯಾರ್ಥಿಗಳೇ ನೋಡಬಹುದು.

ಮೀಗೋಗಾಗಿ ದುಡಿದವರ ಕೆಲಸ 2011ರ ಜೂನ್‌ನಲ್ಲಿ ಎನ್9 ಎಂಬ ಫೋನಾಗಿ ಹೊರಬಂದಿತು. ಮುಂಭಾಗದಲ್ಲಿ ಒಂದೂ ಗುಂಡಿಯಿಲ್ಲ. ಅಂಚಿನಿಂದ ಬೆರಳೆಳೆದರೆ ಆಪ್ ಬದಲಾಗುತ್ತಿತ್ತು. ಇಂದು ಎಲ್ಲ ಫೋನುಗಳಲ್ಲೂ ಇಂಥದೇ ಕ್ರಮವಿದೆ. ವಿಮರ್ಶಕರು ಬಹಳ ಮೆಚ್ಚಿದರು. ಆದರೆ ಅದು ಹುಟ್ಟುವ ಮೊದಲೇ ಅದರ ವಂಶ ಮುಗಿಯಿತೆಂದು ಪ್ರಕಟವಾಗಿತ್ತು. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಅದನ್ನು ನೋಕಿಯಾ ಮಾರಲೂ ಇಲ್ಲ.

ಮತ್ತೊಂದು ಕಡಿತ

ವಿಂಡೋಸ್ ಫೋನ್ ಕೆಟ್ಟ ವ್ಯವಸ್ಥೆಯಾಗಿರಲಿಲ್ಲ. ಕಡಿಮೆ ಸ್ಮೃತಿಯ ಅಗ್ಗದ ಲೂಮಿಯಾದಲ್ಲೂ ಸರಾಗವಾಗಿ ಓಡುತ್ತಿತ್ತು. ಅದರ ಮಡಕೆಯಲ್ಲಿ ಮಣಿಗಳು ಕಡಿಮೆ, ಅಷ್ಟೆ. ಅವುಗಳನ್ನು ಕೂಡಿಡಬೇಕಾದ ಹೊತ್ತಿನಲ್ಲಿ, 2012ರ ಜೂನ್‌ನಲ್ಲಿ, ಮೈಕ್ರೋಸಾಫ್ಟ್ 8ನೇ ಆವೃತ್ತಿಯನ್ನು ಪ್ರಕಟಿಸಿತು. 7ನೇ ಆವೃತ್ತಿಯ ತಿರುಳು ವಿಂಡೋಸ್ ಸಿಇ. 8ರದ್ದು ಮೇಜಿನ ಗಣಕಗಳ ಎನ್‌ಟಿ ತಿರುಳು. ಹಳೆಯ ಆಪ್‌ಗಳು ಹೊಸ ಫೋನಿನಲ್ಲಿ ನಡೆಯುತ್ತಿದ್ದವು. ಆದರೆ ಹಳೆಯ ಫೋನಿಗೆ ಹೊಸ ವ್ಯವಸ್ಥೆಯನ್ನು ಹಾಕಲು ಬರುತ್ತಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಅಮೆರಿಕದಲ್ಲಿ ಲೂಮಿಯಾ 900 ಕೊಂಡವರ ಗತಿ ಏನಾಯಿತೆಂದು ಊಹಿಸಬಹುದು. ನೋಕಿಯಾದ ಪಾಲಿಗೆ ಇದು ಹದಿನಾರು ತಿಂಗಳಲ್ಲಿ ಎರಡನೆಯ ಸಲ ಅಂಗಡಿಯಲ್ಲಿರುವ ಸರಕು ಹಳಸಿದಂತಾಯಿತು. ಈ ಸಲ ಹಳಸಿದ್ದು ಬೇರೆಯವರ ನಿರ್ಧಾರದಿಂದ.

ಅದೇ ತಿಂಗಳು ನೋಕಿಯಾ 10,000 ಉದ್ಯೋಗಗಳನ್ನು ಕಡಿಮೆ ಮಾಡುವುದಾಗಿಯೂ ಫಿನ್ಲೆಂಡಿನ ಸಾಲೋ ಪಟ್ಟಣದ ಕಾರ್ಖಾನೆಯನ್ನು ಮುಚ್ಚುವುದಾಗಿಯೂ ತಿಳಿಸಿತು. 2013ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಫೋನ್ ವಿಭಾಗ ಮತ್ತು ಪೇಟೆಂಟ್ ಪರವಾನಗಿಗಳಿಗೆ ಒಟ್ಟು 544 ಕೋಟಿ ಯೂರೋ ಕೊಡಲು ಒಪ್ಪಿತು. 2014ರ ಏಪ್ರಿಲ್ 25ರಂದು ವ್ಯವಹಾರ ಪೂರ್ಣವಾಯಿತು. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ 2006ರಿಂದ ನಡೆಯುತ್ತಿದ್ದ ನೋಕಿಯಾ ಕಾರ್ಖಾನೆ ತೆರಿಗೆ ವಿವಾದದಿಂದಾಗಿ ಈ ಹಸ್ತಾಂತರದಿಂದ ಹೊರಗುಳಿದು, 2014ರ ನವೆಂಬರ್ 1ರಂದು ಉತ್ಪಾದನೆ ನಿಲ್ಲಿಸಿತು. ಸಾವಿರಾರು ಜನ, ಅವರಲ್ಲಿ ಬಹಳಷ್ಟು ಯುವತಿಯರು, ಕೆಲಸ ಕಳೆದುಕೊಂಡರು. ಅವರು ಜೋಡಿಸುತ್ತಿದ್ದುದು ಹೆಚ್ಚಾಗಿ ಸಾಮಾನ್ಯ ಫೋನುಗಳನ್ನು. ಯಾವ ಆಪರೇಟಿಂಗ್ ಸಿಸ್ಟಂ ಗೆದ್ದಿತು ಎಂಬ ಚರ್ಚೆಯಲ್ಲಿ ಅವರ ಹೆಸರು ಬರುವುದಿಲ್ಲ.

2015ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ಖರೀದಿಗೆ ಸಂಬಂಧಿಸಿದಂತೆ ಸುಮಾರು 760 ಕೋಟಿ ಡಾಲರನ್ನು ನಷ್ಟವೆಂದು ಬರೆದುಹಾಕಿತು. ಜಗತ್ತಿನ ಮಾರಾಟದಲ್ಲಿ ವಿಂಡೋಸ್ ಫೋನುಗಳ ಪಾಲು ಶೇ. 5ನ್ನೂ ಮುಟ್ಟಲಿಲ್ಲ. 2020ರ ಜನವರಿಯಲ್ಲಿ ಅದರ ಕೊನೆಯ ಆವೃತ್ತಿಗೆ ಬೆಂಬಲ ನಿಂತಿತು. ನೋಕಿಯಾ ಹೆಸರಿನ ಪರವಾನಗಿ ಪಡೆದ ಎಚ್‌ಎಂಡಿ ಎಂಬ ಇನ್ನೊಂದು ಫಿನ್ನಿಷ್ ಕಂಪನಿ 2017ರಲ್ಲಿ ನೋಕಿಯಾ 6 ಎಂಬ ಫೋನು ಹೊರತಂದಾಗ ಅದರೊಳಗೆ ಇದ್ದದ್ದು ಆಂಡ್ರಾಯ್ಡ್.

ನಮ್ಮ ದೇಶದಲ್ಲಿ

ಸೋತ ವ್ಯವಸ್ಥೆಗಳಲ್ಲಿ ಕೆಲವು ಭಾರತವನ್ನೇ ಕೊನೆಯ ಆಸರೆ ಎಂದು ನಂಬಿ ಬಂದವು. 2014ರಲ್ಲಿ ಎರಡು ಸಾವಿರ ರೂಪಾಯಿ ಆಸುಪಾಸಿನ ಫೈರ್‌ಫಾಕ್ಸ್ ಓಎಸ್ ಫೋನುಗಳು ಇಲ್ಲಿ ಮಾರಾಟವಾದವು. ಸ್ಯಾಮ್‌ಸಂಗ್ ತನ್ನ ಟೈಜನ್ ವ್ಯವಸ್ಥೆಯ ಮೊದಲ ಫೋನು ಝಡ್1ನ್ನು 2015ರ ಜನವರಿಯಲ್ಲಿ ಬಿಡುಗಡೆ ಮಾಡಿದ್ದು ಭಾರತದಲ್ಲಿ. ಎರಡೂ ನಿಲ್ಲಲಿಲ್ಲ. ಫೈರ್‌ಫಾಕ್ಸ್ ಓಎಸ್‌ನ ಮುಕ್ತ ತಂತ್ರಾಂಶದಿಂದ ಕವಲೊಡೆದ ಕೈಓಎಸ್ ಮಾತ್ರ 2017ರಲ್ಲಿ ಜಿಯೋಫೋನಿನ ಮೂಲಕ ಕೋಟ್ಯಂತರ ಜನರ ಕೈ ಸೇರಿತು. ಅದು ಸ್ಮಾರ್ಟ್‌ಫೋನಿನ ಸ್ಪರ್ಧೆಗೆ ಇಳಿಯಲಿಲ್ಲ, ಗುಂಡಿ ಇರುವ ಫೋನಿಗೇ ನಿಂತಿತು. ಬಹುಶಃ ಅದರಿಂದಲೇ ಸ್ವಲ್ಪ ಕಾಲ ಬದುಕಿತು.

ಕನ್ನಡಕ್ಕೆ ಈ ಕಥೆಯಲ್ಲಿ ಒಂದು ನೇರ ಸಂಬಂಧವಿದೆ. ಕನ್ನಡ ಲಿಪಿಯಲ್ಲಿ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಾಲದು. ಒತ್ತಕ್ಷರ ಕೆಳಗೆ ಇಳಿಯಬೇಕು, ಅರ್ಕಾವೊತ್ತು ಮುಂದಕ್ಕೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು. ಈ ಜೋಡಣೆಯನ್ನು ಆಪರೇಟಿಂಗ್ ಸಿಸ್ಟಮ್ಮೇ ಮಾಡಬೇಕು. ಆಪ್ ಬರೆಯುವವನು ಪ್ರತಿ ಸಲವೂ ಅದನ್ನು ಮಾಡಲಾರ. 2010–11ರಲ್ಲಿ ಬಹಳಷ್ಟು ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಚೌಕಗಳು ಕಾಣುತ್ತಿದ್ದವು. ಆಗ ಒಪೆರಾ ಮಿನಿ ಎಂಬ ಜಾಲವೀಕ್ಷಕದ ಒಳಗಿನ ಒಂದು ಆಯ್ಕೆ ಬಾಯಿಂದ ಬಾಯಿಗೆ ಹಬ್ಬಿತ್ತು. ಅದನ್ನು ಒತ್ತಿದರೆ ದೂರದ ಸರ್ವರ್‌ನಲ್ಲೇ ಅಕ್ಷರಗಳನ್ನು ಚಿತ್ರವಾಗಿ ಮಾಡಿ ಕಳುಹಿಸುತ್ತಿತ್ತು. ಕನ್ನಡವನ್ನು ಓದಬಹುದಾಗಿತ್ತು, ಬರೆಯಲು ಬರುತ್ತಿರಲಿಲ್ಲ.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು ಮತ್ತು ಮಲಯಾಳಂ ಲಿಪಿಗಳನ್ನು ಸೇರಿಸಿಕೊಂಡಿತು. ಅದಕ್ಕೆ ಮೊದಲು ಕೆಲವು ತಯಾರಕರು ಭಾರತೀಯ ಲಿಪಿಗಳನ್ನು ತಮ್ಮ ಫೋನುಗಳಿಗೆ ತಾವೇ ಅಳವಡಿಸಿಕೊಂಡದ್ದೂ ಉಂಟು. ಮೂಲ ತಂತ್ರಾಂಶ ಕೈಯಲ್ಲಿದ್ದುದರಿಂದ ಅದು ಸಾಧ್ಯವಾಗಿತ್ತು. ಆದರೆ 4.1ಕ್ಕಿಂತ ಹಿಂದಿನ ಆವೃತ್ತಿಯ ಅಗ್ಗದ ಫೋನುಗಳು ಆಮೇಲೆಯೂ ಅಂಗಡಿಗಳಲ್ಲಿದ್ದವು. ಹಳೆಯ ಫೋನಿಗೆ ಹೊಸ ಆವೃತ್ತಿ ಕೊಡುವುದೋ ಬಿಡುವುದೋ ತಯಾರಕನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಅಂಥ ಫೋನು ಕೊಂಡವರು ಅದು ಕೆಡುವವರೆಗೂ ಮಗನಿಗೆ, ಮೇಷ್ಟರಿಗೆ ಸಂದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಕಳಿಸುತ್ತಿದ್ದರು.